ಶಾಕವ್ವನ ಇರುವಿ ಕುಬ್ಬಸ

“ಕಸ್ತೂರಿ, ಸೊಂಟದ ಮ್ಯಾಲಿನ ಕೈ ತಗೀ. ಅತ್ತಿ ಮುಂದ ಹಂಗ ನಿಲ್ತಾರೇನು?”

ಶಾಕವ್ವ ರಾಜನಾಳ ಈ ಮಾತು ಅಂದಾಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸೊಸೆಯ ಕೈಗಳು ತಾವಾಗಿಯೇ ಕೆಳಗಿಳಿದವು. ಇಳಿದ ಮೇಲೆ ಕಸ್ತೂರಿಗೆ ನೆನಪಾಯಿತು: ಅತ್ತೆಗೆ ಕಣ್ಣು ಕಾಣದೆ ಹನ್ನೆರಡು ವರ್ಷವಾಗಿದೆ.

ಪಡಸಾಲೆಯ ಚಾಪೆಯ ಮೇಲೆ ಕೂತಿದ್ದ ದಿಲ್‌ಶಾದ್ ನದಾಫಳ ಕೈಯಿಂದ ಪೆನ್ನು ಜಾರಿತು. ಮೂರು ತಿಂಗಳಿಂದ ವಾರಕ್ಕೆರಡು ಸಲ ಪ್ರಯೋಗಾಲಯದಿಂದ ಈ ಮನೆಗೆ ಬರುತ್ತಿದ್ದಳು. ಇಲ್ಲಿಯತನಕ ಶಾಕವ್ವ “ಅಲ್ಲೊಂದು ಕಂಬ ಐತಿ”, “ಇಲ್ಲೇನೋ ಅಡ್ಡ ಬಂತು” ಅನ್ನುವಷ್ಟಕ್ಕೆ ನಿಲ್ಲುತ್ತಿದ್ದಳು. ಸೊಂಟದ ಮೇಲಿನ ಕೈ ಕಂಡದ್ದು, ಅದರಲ್ಲೂ ಆ ಕೈಯ ಹಿಂದಿನ ಸಿಟ್ಟು ಕಂಡದ್ದು, ಇದೇ ಮೊದಲು.

“ದೊಡ್ಡವ್ವಾ, ಖರೇನ ಕಂಡಿತೇನು?”

“ಕಾಣೂದಂದ್ರ ಏನು ತಂಗಿ, ಇರುವಿ ಹೇಳಿದ್ವು. ಎರಡೂ ಕಡೆ ಹಿಡಿಕಿ ಇರೂ ಹೂಜಿ ಹಂಗ ನಿಂತಿದ್ಲು. ನಮ್ಮ ಮನ್ಯಾಗ ಅಂಥಾ ಹೂಜಿ ಎಲ್ಲೈತಿ?”

ಇರುವೆಗಳ ವಿಷಯ ಇಷ್ಟು. ಗುಳೇದಗುಡ್ಡದ ನೇಕಾರರು ರವಿಕೆಯ ಖಣ ನೇಯುವ ಕೈಚಳಕದಲ್ಲೇ ರೇಷ್ಮೆಯ ಎಳೆಗಳ ನಡುವೆ ಕೂದಲಿಗಿಂತ ತೆಳುವಾದ ಲೋಹದ ಎಳೆ ಸೇರಿಸಿ ಒಂದು ಕುಬ್ಬಸದ ಬಟ್ಟೆ ನೇಯ್ದಿದ್ದರು. ಅಡ್ಡಕ್ಕೆ ಅರವತ್ತು, ಉದ್ದಕ್ಕೆ ನಲವತ್ತು ಎಳೆ. ಎರಡು ಎಳೆ ಕೂಡುವ ಒಂದೊಂದು ಜಾಗದಲ್ಲೂ ಬೆನ್ನಿನ ಚರ್ಮಕ್ಕೆ ಇರುವೆ ಕಾಲಿಟ್ಟಷ್ಟು ಜುಮ್ಮೆನಿಸುವ ಒಂದು ಚುಕ್ಕೆ. ಮೂಗಿನ ಮೇಲಿನ ಚಸ್ಮಾದಲ್ಲಿ ಕ್ಯಾಮೆರಾ, ಸೊಂಟದಲ್ಲಿ ಅಂಗೈಯಷ್ಟು ಡಬ್ಬಿ, ಡಬ್ಬಿಯಿಂದ ಕುಬ್ಬಸಕ್ಕೊಂದು ಕೇಬಲ್. ಕ್ಯಾಮೆರಾ ಕಂಡದ್ದನ್ನು ಡಬ್ಬಿ ಚುಕ್ಕೆಗಳಾಗಿ ಒಡೆದು ಬೆನ್ನ ಮೇಲೆ ಬರೆಯುತ್ತದೆ. ಮೊದಲ ತಿಂಗಳು ಬರೀ ತುರಿಕೆ. ಎರಡನೆಯ ತಿಂಗಳು ಆಕಾರ. ಆಮೇಲಾಮೇಲೆ ಬೆನ್ನು ಎನ್ನುವುದೇ ಮರೆತುಹೋಗಿ, ವಸ್ತು ಎದುರಿಗೇ ಇದೆ ಅನ್ನಿಸುತ್ತದೆ. ಪ್ರಯೋಗಾಲಯದ ಕಾಗದಗಳಲ್ಲಿ ಅದರ ಹೆಸರು ‘ಬೆನ್ನುತೆರೆ’. ಶಾಕವ್ವನಿಗೆ ಅದು ಇರುವಿ ಕುಬ್ಬಸ.

“ಶುಕ್ರವಾರ ಇವರನ್ನೆಲ್ಲಾ ದಂಗ್ ಬಡಸ್ತೀನಿ ನೋಡು,” ಅಂದಳು ಶಾಕವ್ವ.

ಶುಕ್ರವಾರ ಪರವಾನಗಿ ಸಮಿತಿಯವರು ಬರುವವರಿದ್ದರು. ಶಾಕವ್ವ ತನ್ನ ಮನೆಯಿಂದ ಹೊರಟು, ಪೇಟೆಯ ದೊಡ್ಡ ರಸ್ತೆ ದಾಟಿ, ನೇಕಾರರ ಸೊಸೈಟಿಯ ಮೆಟ್ಟಿಲು ಹತ್ತಬೇಕು. ಕೋಲಿಲ್ಲ, ಹಿಡಿಯುವವರಿಲ್ಲ. ಹತ್ತಿದರೆ ಕುಬ್ಬಸ ಅವಳದೇ, ಊರಿನ ಇನ್ನೂ ಮೂವತ್ತೊಂಬತ್ತು ಜನಕ್ಕೂ ಸಿಗುತ್ತದೆ. ಇಲ್ಲದಿದ್ದರೆ ಕುಬ್ಬಸ ಪೆಟ್ಟಿಗೆ ಸೇರುತ್ತದೆ. ಸಮಿತಿ ಮತ್ತೆ ಬರುವುದು ಎಂಟು ತಿಂಗಳಿಗೆ.

“ಹನ್ನೆರಡು ವರ್ಷ ಯಾರದಾದ್ರೂ ರಟ್ಟಿ ಹಿಡಕೊಂಡೇ ತಿರುಗೀನಿ ತಂಗಿ,” ಅಂದಳು, ಈ ಸಲ ದನಿ ತಗ್ಗಿಸಿ. “ಒಮ್ಮೆ ಎರಡೂ ಕೈ ಖಾಲಿ ಬಿಟಗೊಂಡು ನಡೀಬೇಕು. ಅಷ್ಟ.”

ದಿಲ್‌ಶಾದ್ ಬಿದ್ದ ಪೆನ್ನನ್ನು ಎತ್ತಿಕೊಂಡಳು. ಡಬ್ಬಿಯ ಕೊನೆಯ ಕೋಡ್ ಅವಳ ಒಪ್ಪಿಗೆಗಾಗಿ ಪ್ರಯೋಗಾಲಯದ ಮೇಜಿನ ಮೇಲೆ ಕಾಯುತ್ತಿತ್ತು.

* * *

ಪ್ರಯೋಗಾಲಯ ಇದ್ದದ್ದು ಹಳೆಯ ರೇಷ್ಮೆ ಗೋದಾಮಿನಲ್ಲಿ. ಅಲ್ಲೊಂದು ಕಟ್ಟುನಿಟ್ಟಿನ ನಿಯಮ: ಬರೆದವರ ಹೆಸರಿನ ಕೆಳಗೆ, ಓದಿ ಒಪ್ಪಿದ ಇನ್ನೊಬ್ಬರ ಹೆಸರು ಬೀಳದೆ ಒಂದು ಸಾಲು ಕೋಡ್ ಕೂಡ, ಪರೀಕ್ಷೆಗೆ ಬಿಟ್ಟು, ಡಬ್ಬಿಯಲ್ಲಿ ಹೊರಗೆ ಹೋಗುವಂತಿಲ್ಲ. ಬರೆದವನು ಗುರುಪಾದ ಅಂಗಡಿ. ಚುರುಕಿನ ಹುಡುಗ, ಬೆಳಗಾವಿಯಲ್ಲಿ ಓದಿ ಬಂದವನು. ಓದಿ ಒಪ್ಪಬೇಕಾದವಳು ದಿಲ್‌ಶಾದ್. ಅವಳು ಕಾಲೇಜಿಗೆ ಹೋದವಳಲ್ಲ. ಅಪ್ಪ ಹುಸೇನಸಾಬರ ಟೀವಿ ರಿಪೇರಿ ಅಂಗಡಿಯಲ್ಲಿ ಕೂತು, ಕೆಟ್ಟ ಸೆಟ್ಟುಗಳಿಂದ ಶುರುಮಾಡಿ ಕೆಟ್ಟ ಕೋಡಿನ ತನಕ ತಾನೇ ದಾರಿ ಹುಡುಕಿಕೊಂಡು ಬಂದವಳು.

ಡ್ರೈವರ್ ಎಂದು ಕರೆಯುವ ಈ ಕೋಡು ಡಬ್ಬಿಗೂ ಕುಬ್ಬಸಕ್ಕೂ ನಡುವಿನ ಮಧ್ಯಸ್ಥ. ಕೇಬಲಿನಲ್ಲಿ ಒಂದು ಎಳೆ ಇರುವುದೇ ಸುದ್ದಿ ಮುಟ್ಟಿಸಲು. ಕೇಬಲ್ ಕೂಡಿದರೂ ಬಿಟ್ಟರೂ ಆ ಎಳೆಯಿಂದ ಡಬ್ಬಿಗೊಂದು ಕರೆ ಹೋಗುತ್ತದೆ. ಓದಿದವರು ಅದಕ್ಕೆ ಇಂಟರಪ್ಟ್ ಅನ್ನುತ್ತಾರೆ. ದಿಲ್‌ಶಾದ್ ಗಂಟೆ ಅನ್ನುತ್ತಿದ್ದಳು. ಗಂಟೆ ಬಾರಿಸಿದ ಕೂಡಲೇ ಡಬ್ಬಿ ಮಾಡುತ್ತಿದ್ದ ಕೆಲಸವನ್ನು ಇದ್ದಲ್ಲೇ ಬಿಟ್ಟು ಬಾಗಿಲಿಗೆ ಓಡಬೇಕು. ಎಂಥ ಕೆಲಸದ ನಡುವೆ ಬಾರಿಸುತ್ತದೆ ಎನ್ನುವುದು ಯಾರಿಗೂ ಗೊತ್ತಿರುವುದಿಲ್ಲ. ಅಪಾಯ ಇರುವುದು ಅಲ್ಲೇ.

ಅವಳು ಓದುವ ರೀತಿಯೂ ಬೇರೆ. ಕೋಡನ್ನು ಕಾಗದದ ಮೇಲೆ ಅಚ್ಚು ಹಾಕಿಸಿ, ಎಡಗೈ ಬೆರಳನ್ನು ಡ್ರೈವರಿನ ಸಾಲಿನ ಮೇಲೆ, ಬಲಗೈ ಬೆರಳನ್ನು ಗಂಟೆಯ ಸಾಲಿನ ಮೇಲೆ ಇಡುತ್ತಿದ್ದಳು. ಎಡಬೆರಳು ಒಂದು ಸಾಲು ಇಳಿಯಿತು. ಈಗ ಗಂಟೆ ಹೊಡೆದರೆ? ಏನೂ ಆಗುವುದಿಲ್ಲ. ಇನ್ನೊಂದು ಸಾಲು. ಈಗ ಹೊಡೆದರೆ?

ಮಂಗಳವಾರ ಮಧ್ಯಾಹ್ನ ನೂರಾ ನಲವತ್ತನೆಯ ಸಾಲಿನಲ್ಲಿ ಎಡಬೆರಳು ನಿಂತುಬಿಟ್ಟಿತು.

“ಗುರು, ಇಲ್ಲಿ ಬಾ. ಕೇಬಲ್ ಕಿತ್ತಾಗ ನೀ ಏನ್ ಮಾಡೀದಿ ನೋಡು. ಮೊದಲಿಗೆ, ಚಿತ್ರದ ಜಾಗ ಖಾಲಿ ಮಾಡಿ ವಾಪಸ್ ಕೊಟ್ಟಿ. ಆಮ್ಯಾಲೆ ಗಂಟಿ ಬಂದ್ ಮಾಡ್ದಿ.”

“ಹೌದ್ರಿ ಅಕ್ಕಾರ. ಎರಡೂ ಮಾಡೀನಲ್ಲ.”

“ಎರಡರ ನಡಕ ಗಂಟಿ ಹೊಡದ್ರ? ಮನಿ ಖಾಲಿ ಮಾಡಿ ಮಾಲಕರಿಗೆ ಕೀಲಿ ಕೊಟ್ಟೀವಿ, ಬಾಗಲದ ಗಂಟಿ ಇನ್ನೂ ನಮ್ಮ ಹೆಸರಿಲೇ ಐತಿ. ಗಂಟಿ ಹೊಡೀತು ಅಂತ ಓಡಿ ಹೋಗಿ, ಬ್ಯಾರೆಯವರ ಮನ್ಯಾಗ ನಮ್ಮ ಸಾಮಾನ ಇಟ್ಟು ಬರ್ತೀವಿ. ಡಬ್ಬಿ ತಲಿ ಕೆಡ್ತೈತಿ.”

ಗುರುಪಾದ ಕಾಗದದ ಮೇಲೆ ಬಗ್ಗಿದ. ಸ್ವಲ್ಪ ಹೊತ್ತಿಗೆ ನಕ್ಕ. “ಅಕ್ಕಾರ, ಆ ಎರಡು ಸಾಲಿನ ನಡಕ ಇರೂ ಹೊತ್ತು ಒಂದು ಸೆಕೆಂಡಿನ ಸಾವಿರದಾಗ ಒಂದು ಪಾಲು. ಅಷ್ಟರಾಗ ಕೇಬಲ್ ಬಿಚ್ಚಿ ಮತ್ತ ಹಚ್ಚೂ ಮನಶಾ ಇನ್ನೂ ಹುಟ್ಟಿಲ್ಲ. ಯಂತ್ರದ ಕೈ ಹತ್ತು ಸಾವಿರ ಸಲ ಹಚ್ಚಿ ಬಿಚ್ಚಿ ನೋಡೈತಿ. ಒಂದೂ ತಪ್ಪಿಲ್ಲ.”

ಅದು ನಿಜ. ಮೂಲೆಯಲ್ಲಿ ಆ ಯಂತ್ರದ ಕೈ ಈಗಲೂ ಟಕ್ ಎಂದು ಹಚ್ಚಿ, ಟಕ್ ಎಂದು ಬಿಚ್ಚುತ್ತಲೇ ಇತ್ತು.

“ಈಗ ಬದಲು ಮಾಡಿದ್ರ ಎಲ್ಲಾ ಪರೀಕ್ಷಾನೂ ಮತ್ತ ಮೊದಲಿಂದ ಆಗಬೇಕ್ರಿ. ಶುಕ್ರವಾರ ತಪ್ಪತೈತಿ,” ಅಂದ ಗುರುಪಾದ. “ಶಾಕವ್ವಾರಿಗೆ ನೀವ ಹೋಗಿ ಹೇಳ್ರಿ ಮತ್ತ, ಎಂಟು ತಿಂಗಳು ಕುಂದ್ರಿ ಅಂತ.”

ದಿಲ್‌ಶಾದ್ ಕಾಗದದ ಕೊನೆಯಲ್ಲಿ ಹೆಸರು ಹಾಕಲು ಪೆನ್ನು ತೆಗೆದಳು. ಇಟ್ಟಳು. ಅಪ್ಪ ಅಂಗಡಿಯಲ್ಲಿ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಮಾತು ತಲೆಯಲ್ಲಿ ಸುತ್ತುತ್ತಿತ್ತು: ಸೆಟ್ ಬಿಚ್ಚೂ ಮೊದಲ ಪಿನ್ ಕೀಳವ್ವಾ. ಕಿತ್ತ ಮ್ಯಾಲೂ ಒಂದ್ ಬೀಡಿ ಸೇದೂವಷ್ಟು ತಡಿ, ಒಳಗ ಕರೆಂಟ್ ಇನ್ನೂ ಕುಂತಿರತೈತಿ.

“ನಾಳೆ ಹಾಕ್ತೀನಿ,” ಅಂದಳು.

* * *

ಬುಧವಾರ ಬೆಳಿಗ್ಗೆ ಶಾಕವ್ವನ ಮನೆಯಲ್ಲಿ ರೊಟ್ಟಿಯ ಸಪ್ಪಳ. ದಿಲ್‌ಶಾದ್ ಬಂದದ್ದು ಕೇಬಲ್ ಸವೆದಿದೆಯೇ ನೋಡಲು. ಕಸ್ತೂರಿ ತಾಟಿನಲ್ಲಿ ರೊಟ್ಟಿ, ಗುರೆಳ್ಳು ಹಿಂಡಿ ತಂದಿಟ್ಟು, ನಿನ್ನೆಯ ಹಿಟ್ಟು ಮುಗಿದ ಕಥೆ ಹೇಳುತ್ತ ಎದುರಿಗೇ ನಿಂತಳು. ಶಾಕವ್ವನ ಸೊಂಟದ ಡಬ್ಬಿಯಲ್ಲಿದ್ದದ್ದು ಇದೇ ಕೋಡು, ಪರೀಕ್ಷೆಗೆಂದು ಎರಡು ದಿನದ ಹಿಂದೆ ತುಂಬಿದ್ದು. ಮನೆಯೊಳಗೆ ಪರೀಕ್ಷೆಗೆ ಇರಬಹುದು. ಎರಡನೆಯ ಹೆಸರು ಬೀಳದೆ ಹೊಸ್ತಿಲು ದಾಟಿಸುವಂತಿರಲಿಲ್ಲ.

ಊಟಕ್ಕೆ ಮೊದಲು ಗೋಡೆಗೆ ಒರಗಿ ಕೂರುವುದು ಶಾಕವ್ವನ ರೂಢಿ. ಒರಗಿದರೆ ಬೆನ್ನಿನಲ್ಲಿ ಗೋಡೆಯೂ ಚಿತ್ರವೂ ಕಲಸಿಹೋಗುತ್ತವೆ ಎಂದು ಮೊದಲು ಕೇಬಲ್ ಬಿಚ್ಚಿ, ಉಳಿದ ಚಿತ್ರ ತಾನಾಗಿ ಆರುವ ತನಕ ಸ್ವಲ್ಪ ಕಾಯುತ್ತಿದ್ದಳು. ಇವತ್ತೂ ಬಿಚ್ಚಿದಳು, ಒರಗಿದಳು, ರೊಟ್ಟಿ ಮುಗಿಸಿದಳು, ಎದ್ದು ಕೂತು ಕೇಬಲಿನ ತುದಿಯನ್ನು ಕೈಗೆ ತೆಗೆದುಕೊಂಡಳು.

ಮೂರು ತಿಂಗಳಿಂದ ದಿಲ್‌ಶಾದ್ ಇದನ್ನು ನೋಡಿದ್ದಳು. ಆದರೆ ನೋಡಿರಲಿಲ್ಲ.

ಶಾಕವ್ವ ಕೇಬಲನ್ನು ಒಮ್ಮೆಲೇ ತೂರಿಸಲಿಲ್ಲ. ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ತುದಿಯನ್ನು ಡಬ್ಬಿಯ ತೂತಿಗೆ ಹಗುರಾಗಿ ಮುಟ್ಟಿಸಿದಳು. ಎತ್ತಿದಳು. ಸ್ವಲ್ಪ ಹೊಸೆದು ಮತ್ತೆ ಮುಟ್ಟಿಸಿದಳು. ಮತ್ತೆ ಎತ್ತಿ, ಮೂರನೆಯ ಸಲ ಮುಟ್ಟಿಸಿ, ಆಮೇಲೆ ಒತ್ತಿದಳು. ಎಲ್ಲವೂ ರೆಪ್ಪೆ ಬಡಿಯುವುದರೊಳಗೆ.

“ದೊಡ್ಡವ್ವಾ, ಈಗೇನ್ ಮಾಡಿದ್ರಿ?”

“ಏನ್ ಮಾಡಿದ್ನಿ? ಎಳಿ ಕೂಡಿಸಿದ್ನಿ.”

“ಹಂಗಲ್ಲ, ಮೂರು ಸಲ ಮುಟ್ಟಿಸಿದ್ರಲ್ಲ.”

ಶಾಕವ್ವ ತನ್ನ ಬೆರಳುಗಳನ್ನು ತಾನೇ ಮೊದಲ ಸಲ ಗಮನಿಸಿದವಳ ಹಾಗೆ ತಡೆದಳು. “ಹೌದಲ್ಲ. ಮಗ್ಗದಾಗ ಹಾಸಿನ ಎಳಿ ಹರಿದಾಗ ಹಂಗ ಕೂಡಸ್ತಿದ್ವಿ. ಬೂದಿ ಹಚಗೊಂಡು, ತುದಿಗೆ ತುದಿ ಮುಟ್ಟಿಸಿ, ಹೊಸೆದು. ಒಮ್ಮೆಲೆ ಜಗ್ಗಿದ್ರ ಮುನಿಸಗೋತೈತಿ ಅದು. ಮೊದಲ ಬರ್ತೀಯೇನವಾ ಅಂತ ಕೇಳಬೇಕು.”

ದಿಲ್‌ಶಾದ್ ಬೆರಳಲ್ಲಿ ಎಣಿಸಿದಳು. ಬಿಡು, ಮುಟ್ಟು, ಬಿಡು, ಮುಟ್ಟು. ಒಂದರ ಬೆನ್ನಿಗೆ ಒಂದು ಗಂಟೆ. ಯಂತ್ರದ ಕೈಗೆ ಎಳೆ ಗೊತ್ತಿಲ್ಲ. ಇನ್ನೂ ಹುಟ್ಟಿಲ್ಲ ಎಂದು ಗುರುಪಾದ ಅಂದಿದ್ದ ಆ ಹೆಂಗಸು ನಲವತ್ತು ವರ್ಷ ಮಗ್ಗದಲ್ಲಿ ಕೂತು ಈಗ ಎದುರಿಗೆ ರೊಟ್ಟಿ ತಿಂದು ಮುಗಿಸಿದ್ದಳು.

“ಮತ್ತೊಮ್ಮೆ ಮಾಡ್ರಿ. ಇನ್ನೊಮ್ಮೆ.”

ಶಾಕವ್ವ ಮಾಡಿದಳು. ಬಿಚ್ಚುವುದು, ಎಳೆ ಕೂಡಿಸುವುದು. ಕಸ್ತೂರಿ ಎದುರಿಗೆ ನಿಂತು ನಗುತ್ತಲೇ ಇದ್ದಳು. ಹತ್ತು ಸಲವಾಯಿತು. ಸ್ಟೋವಿನ ಮೇಲಿನ ಹಾಲು ಉಕ್ಕಿದ ವಾಸನೆ ಬಂದು ಅವಳು ಒಳಗೆ ಓಡಿದಳು. ಹನ್ನೊಂದನೆಯ ಸಲ ಕೇಬಲ್ ಕೂಡಿತು.

“ಹಾಲು ಉಕ್ಕಿದ್ರೂ ಅಲ್ಲೇ ನಿಂತಾಳ ನೋಡು ಈಕಿ,” ಅಂದಳು ಶಾಕವ್ವ. “ಹೋಗ ಕಸ್ತೂರಿ, ಒಲಿ ಆರಸು.”

“ಆರಿಸೀನಿ ಅತ್ತೀ,” ಎಂದು ಅಡುಗೆಮನೆಯ ಒಳಗಿನಿಂದ ಉತ್ತರ ಬಂತು.

ಶಾಕವ್ವ ಮುಖವನ್ನು ನಿಧಾನಕ್ಕೆ ಎಡಕ್ಕೆ ತಿರುಗಿಸಿದಳು, ಬಲಕ್ಕೆ ತಿರುಗಿಸಿದಳು. ಎಡಕ್ಕೆ ತಿರುಗಿದರೂ ಕಸ್ತೂರಿ. ಬಲಕ್ಕೆ ತಿರುಗಿದರೂ ಅದೇ ಕಸ್ತೂರಿ, ಅದೇ ನಿಲುವಿನಲ್ಲಿ.

“ತಂಗಿ, ಇರುವಿ ಸುಳ್ಳು ಹೇಳಾಕತ್ತಾವು.”

ಡಬ್ಬಿಯ ತಲೆ ಕೆಟ್ಟಿತ್ತು. ಕೇಬಲ್ ಬಿಟ್ಟರೂ ಕೂಡಲೇ ಅಳಿಸದೆ, ಹೊಸ ಚಿತ್ರ ಬರುವ ತನಕ ಹಳೆಯದನ್ನೇ ಹಿಡಿದಿಡುವ ಸಣ್ಣದೊಂದು ನೆನಪು ಕುಬ್ಬಸಕ್ಕಿತ್ತು. ಹೊಸದು ಬರಲೇ ಇಲ್ಲ. ಬೆನ್ನ ಮೇಲೆ ಕಸ್ತೂರಿ ಹಾಗೇ ಉಳಿದಳು.

ದಿಲ್‌ಶಾದಳಿಗೆ ಕಂಡದ್ದು ಕಸ್ತೂರಿಯಲ್ಲ. ಪೇಟೆಯ ರಸ್ತೆ, ಅದರ ನಡುವೆ ಎರಡೂ ಕೈ ಖಾಲಿ ಬಿಟ್ಟ ಶಾಕವ್ವ, ಅವಳ ಬೆನ್ನ ಮೇಲೆ ಅರ್ಧ ನಿಮಿಷದ ಹಿಂದಿನ ಖಾಲಿ ರಸ್ತೆ.

“ಕತ್ತಲಿ ಇರಲಿ, ಅದರ ಕೂಡ ಬದುಕೀನಿ,” ಅಂದಳು ಶಾಕವ್ವ, ಕೇಬಲ್ ಕಿತ್ತು ಕೈಯಲ್ಲಿ ಹಿಡಿದು. “ಇದು ಬ್ಯಾಡ. ಶುಕ್ರವಾರ ಆಗಂಗಿಲ್ಲೇನು ಹಂಗಾದ್ರ?”

ಉಳಿದದ್ದು ಬುಧವಾರದ ಮಧ್ಯಾಹ್ನ ಮತ್ತು ಇಡೀ ಗುರುವಾರ.

“ಏಳ್ರಿ ದೊಡ್ಡವ್ವಾ. ನಿಮ್ಮ ಬೆರಳು ಬೇಕಾಗ್ಯಾವು,” ಅಂದಳು ದಿಲ್‌ಶಾದ್.

* * *

ಗೋದಾಮಿನಲ್ಲಿ ಗುರುಪಾದ ಮೊದಲು ತಾನೇ ಪ್ರಯತ್ನಿಸಿದ. ಮೂವತ್ತು ಸಲ ಮುಟ್ಟಿಸಿ ಎತ್ತಿದ. ಏನೂ ಆಗಲಿಲ್ಲ.

“ನಿಂದು ಎಳಿ ಕೂಡ್ಸೂ ಕೈ ಅಲ್ಲಪಾ, ಮೊಳಿ ಹೊಡೆಯೂ ಕೈ,” ಎಂದು ಶಾಕವ್ವ ಡಬ್ಬಿಯನ್ನು ಕಸಿದುಕೊಂಡಳು. ಅವಳ ಒಂಬತ್ತನೆಯ ಕೂಡಿಕೆಗೆ ಮೇಜಿನ ಮೇಲಿನ ತೆರೆಯಲ್ಲಿ ತಪ್ಪು ತೋರಿಸುವ ಕೆಂಪು ಸಾಲುಗಳು ಧಾರಾಕಾರ ಸುರಿದವು.

ಗುರುಪಾದ ಆ ಸಾಲುಗಳನ್ನು ಬೆರಳಿಟ್ಟು ಓದಿದ. ಬೇಜಾರು ಬಂದು ಹೋಯಿತು. ಅದರ ಹಿಂದೆಯೇ ಮುಖದಲ್ಲಿ ಬೇರೆಯೇ ಒಂದು ಕಳೆ ಬಂತು, ಕಳೆದುಹೋದ ಕೀಲಿ ಕೈಗೆ ಸಿಕ್ಕವರ ಕಳೆ. “ಅಕ್ಕಾರ, ನೂರಾ ನಲವತ್ತನೇ ಸಾಲು. ನೀವು ಬೆರಳಿಟ್ಟಿದ್ರಲ್ಲ, ಅದೇ.”

“ಸಮಿತಿಗೆ ತಿಳಿಸ್ತೀಯೋ, ತಿದ್ದತೀಯೋ?”

“ಎರಡೂ. ಬರೀರಿ ನೀವು. ಈ ಸಲ ನೀವ ಬರೀರಿ, ನಾ ಓದ್ತೀನಿ.”

ದಿಲ್‌ಶಾದ್ ಬರೆದಳು. ಅಪ್ಪನ ಅಂಗಡಿಯ ಕ್ರಮವನ್ನೇ ಬರೆದಳು. ಮೊದಲು ಗಂಟೆ ಬಂದ್. ಬಂದ್ ಮಾಡಿದ ಮೇಲೂ, ಆಗಲೇ ಬಾಗಿಲಿಗೆ ಓಡಿರುವ ಆಳು ಕೆಲಸ ಮುಗಿಸಿ ಹೊರಗೆ ಬರುವ ತನಕ ಒಂದು ಬೀಡಿಯಷ್ಟು ತಡೆ. ಆಮೇಲಷ್ಟೇ ಮನೆ ಖಾಲಿ ಮಾಡುವುದು. ಗಂಟೆಗೆ ಓಡಿದವನೂ ಇನ್ನು ಮುಂದೆ ಬಾಗಿಲಲ್ಲೇ ಹರಟೆಗೆ ನಿಲ್ಲಬಾರದು. ‘ಯಾರೋ ಬಂದಿದ್ದಾರೆ’ ಎಂದು ಚೀಟಿ ಬರೆದಿಟ್ಟು ತಿರುಗಬೇಕು. ಕೇಬಲ್ ಅಲುಗಾಡದೆ ನಿಂತ ಮೇಲೆ ಇನ್ನೊಬ್ಬ ಆಳು ಚೀಟಿ ನೋಡಿ ನಿಧಾನಕ್ಕೆ ವಿಚಾರಿಸಿಕೊಳ್ಳುತ್ತಾನೆ. ಒಳಕ್ಕೆ ಬರುವಾಗಲೂ ಅಷ್ಟೇ: ಮನೆ ಪೂರ್ತಿ ಸಜ್ಜಾದ ಮೇಲೆ ಗಂಟೆ ಕಟ್ಟುವುದು.

ಬರೆದು, ತುಂಬಿ, ಶಾಕವ್ವನ ಕೈಗೆ ಕೊಟ್ಟಳು. ಶಾಕವ್ವ ಮೂರು ಸಲ ಮುಟ್ಟಿಸಿದಳು. ಡಬ್ಬಿ ಕೆಡಲಿಲ್ಲ. ಮುಂದಕ್ಕೂ ಹೋಗಲಿಲ್ಲ. ಕಲ್ಲಾಗಿ ಕೂತಿತು.

“ಈಗ ಸುಳ್ಳೂ ಹೇಳವಲ್ದು, ಖರೇನೂ ಹೇಳವಲ್ದು,” ಅಂದಳು ಶಾಕವ್ವ. “ನಮ್ಮ ಮನಿಯವ್ರ ಹಂಗ.”

ದಿಲ್‌ಶಾದ್ ಎರಡು ಬೆರಳಿಟ್ಟು ಮೂರು ಸಲ ಓದಿದಳು. ತಾನು ಬರೆದದ್ದು ತನಗೆ ಸರಿಯಾಗಿಯೇ ಕಾಣುತ್ತಿತ್ತು. ಗುರುಪಾದ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು, ಅವಳಂತೆಯೇ ಎಡ ಬಲ ಬೆರಳು ಇಟ್ಟು ಇಳಿಯತೊಡಗಿದ. ಒಂದು ಸಾಲಿನಲ್ಲಿ ಅವನ ಬೆರಳು ನಿಂತಿತು.

“ಅಕ್ಕಾರ, ಚಿತ್ರದ ಜಾಗಕ್ಕ ಒಂದೇ ಕೀಲಿ ಐತಿ. ನೀವು ಕೀಲಿ ಕೈಯಾಗ ಹಿಡಕೊಂಡು, ಆಳು ಹೊರಗ ಬರಲಿ ಅಂತ ಕಾಯಾಕತ್ತೀರಿ.”

“ಹೂಂ.”

“ಆಳಿಗೆ ಕೆಲಸ ಮುಗಸಾಕ ಅದೇ ಕೀಲಿ ಬೇಕ್ರಿ. ಅಂವ ನೀವು ಕೊಡ್ತೀರಿ ಅಂತ ಕಾಯಾಕತ್ಯಾನ.”

ದಿಲ್‌ಶಾದ್ ಕಿವಿಯ ತನಕ ಕೆಂಪಾದಳು. ಆಮೇಲೆ ಎಷ್ಟು ನಕ್ಕಳೆಂದರೆ ಕಣ್ಣಲ್ಲಿ ನೀರು ಬಂತು. “ಯಪ್ಪಾ, ನಿನ್ನ ಬೈದವಳು ನಾನು.”

“ಅದಕ್ಕ ಅಲ್ರೀ ಎರಡನೇ ಹೆಸರು ಬೇಕು ಅನ್ನೂದು,” ಅಂದ ಗುರುಪಾದ, ಎಷ್ಟೋ ದಿನದಿಂದ ಕಾದಿದ್ದವನಂತೆ.

ಕೀಲಿಯನ್ನು ಕೆಳಗಿಟ್ಟು ಕಾಯುವಂತೆ ತಿದ್ದಿದರು. ಗುರುಪಾದ ತನ್ನದೊಂದು ಸಾಲು ಕುಬ್ಬಸದ ಕಡೆಗೂ ಸೇರಿಸಿದ, ದಿಲ್‌ಶಾದ್ ಅದನ್ನು ಓದಿ ಒಪ್ಪಿದಳು: ಕೇಬಲ್ ಬಿಟ್ಟ ಕೂಡಲೇ ಹಳೆಯ ಚಿತ್ರ ಅಳಿಸಿಹೋಗಬೇಕು. ಯಂತ್ರದ ಕೈಗೂ ಪಾಠವಾಯಿತು. ಶಾಕವ್ವ ಅದರ ಲೋಹದ ಬೆರಳನ್ನು ತನ್ನ ಬೆರಳಿನಲ್ಲಿ ಹಿಡಿದು, “ಮುಟ್ಟು, ಎತ್ತು, ಹೊಸಿ. ಹಂಗಲ್ಲ ಖೋಡಿ, ಹಗರಾಗಿ” ಎಂದು ಬೈಯುತ್ತ ಕಲಿಸಿದಳು. ರಾತ್ರಿಯಿಡೀ ಎಚ್ಚರಿದ್ದು ಎಲ್ಲಾ ಪರೀಕ್ಷೆಗಳನ್ನೂ ಮೊದಲಿಂದ ನಡೆಸಿದರು; ಗುರುವಾರ ಸಂಜೆ ಐದಕ್ಕೆ ಯಂತ್ರ ಹತ್ತು ಸಾವಿರನೆಯ ಎಳೆ ಕೂಡಿಸಿ ಮುಗಿಸಿತು. ಒಂದೂ ಕೆಂಪು ಸಾಲಿಲ್ಲ. ಸಮಿತಿಯಿಂದಲೂ ಉತ್ತರ ಬಂತು: ಪರೀಕ್ಷೆ ಪೂರ್ತಿ ಆಗಿದ್ದರೆ ಬರುತ್ತೇವೆ.

ದಿಲ್‌ಶಾದಳ ಹೆಸರಿನ ಕೆಳಗೆ ಗುರುಪಾದ ತನ್ನ ಹೆಸರು ಬರೆದ.

* * *

ಶುಕ್ರವಾರ ಹತ್ತು ಗಂಟೆಗೆ ಪೇಟೆ ತುಂಬಿತ್ತು. ಸಮಿತಿಯ ಮೂವರು ಸೊಸೈಟಿಯ ಮೆಟ್ಟಿಲ ಮೇಲೆ ನಿಂತಿದ್ದರು. ದಿಲ್‌ಶಾದ್, ಗುರುಪಾದ, ಕಸ್ತೂರಿ ಅವರ ಪಕ್ಕದಲ್ಲಿ. ಯಾರೂ ಕೂಗಬಾರದು, ಯಾರೂ ಕೆಳಗೆ ಇಳಿಯಬಾರದು ಎಂಬುದು ನಿಯಮ.

ಶಾಕವ್ವ ಓಣಿಯ ತುದಿಯಲ್ಲಿ ಕಾಣಿಸಿಕೊಂಡಳು. ಎರಡೂ ಕೈಗಳು ಪಕ್ಕದಲ್ಲಿ ಸಡಿಲವಾಗಿ ತೂಗುತ್ತಿದ್ದವು. ತರಕಾರಿ ಬುಟ್ಟಿಗಳನ್ನು ಸುತ್ತಿ ಬಂದಳು. ಮಲಗಿದ್ದ ನಾಯಿಯನ್ನು ದಾಟಿದಳು. ರಸ್ತೆಯ ಅಂಚಿಗೆ ಬಂದು ನಿಂತು, ಒಂದು ಆಟೋ ಹೋಗಲು ಬಿಟ್ಟು, ರಸ್ತೆಗೆ ಇಳಿದಳು.

ಅರ್ಧ ದಾಟಿದ್ದಳು. ಹಿಂದಿನಿಂದ ನೂಲಿನ ಹೊರೆ ಹೊತ್ತವನೊಬ್ಬ ಅವಸರದಲ್ಲಿ ಪಕ್ಕಕ್ಕೆ ಸವರಿಕೊಂಡು ಹೋದ. ಹೊರೆಯ ಮೂಲೆಗೆ ಸಿಕ್ಕು ಕೇಬಲ್ ಕಿತ್ತು ಬಂತು.

ಶಾಕವ್ವ ನಿಂತಳು. ಬೆನ್ನು ಬರಿದಾಗಿತ್ತು. ಇರುವೆ ಒಂದೂ ಇರಲಿಲ್ಲ. ಅದು ಅವಳ ಮುಖದಲ್ಲೇ ಕಾಣುತ್ತಿತ್ತು: ಇದು ಪರಿಚಯದ ಕತ್ತಲೆ, ಸುಳ್ಳಿನದಲ್ಲ. ಎಡದಿಂದ ಮೋಟರ್‌ಸೈಕಲ್ಲೊಂದು ಹಾರ್ನ್ ಹೊಡೆಯುತ್ತ ಬರುತ್ತಿತ್ತು. ಕಸ್ತೂರಿ ಒಂದು ಮೆಟ್ಟಿಲು ಇಳಿದಳು. ಗುರುಪಾದ ಅವಳ ಸೆರಗು ಹಿಡಿದ.

ಶಾಕವ್ವ ತೂಗುತ್ತಿದ್ದ ಕೇಬಲನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿದಳು. ಮುಟ್ಟಿಸಿದಳು. ಹೊಸೆದು ಮತ್ತೆ ಮುಟ್ಟಿಸಿದಳು. ಮೂರನೆಯ ಸಲ ಮುಟ್ಟಿಸಿ ಒತ್ತಿದಳು.

ದಿಲ್‌ಶಾದಳ ಎರಡೂ ಕೈ ತಮ್ಮಷ್ಟಕ್ಕೆ ಮೇಲೆ ಹೋದವು. ಗಂಟೆ, ಚೀಟಿ, ಬೀಡಿಯಷ್ಟು ತಡೆ, ಕೀಲಿ. ಎಲ್ಲವೂ ಆ ಅಂಗೈಯಗಲದ ಡಬ್ಬಿಯಲ್ಲಿ ಒಂದರ ಹಿಂದೆ ಒಂದು ಆಗುತ್ತಿದ್ದವು, ಅಥವಾ ಆಗುತ್ತಿರಲಿಲ್ಲ.

ಶಾಕವ್ವ ಮುಖವನ್ನು ಎಡಕ್ಕೆ ತಿರುಗಿಸಿದಳು. ಒಂದು ಹೆಜ್ಜೆ ಹಿಂದೆ ಸರಿದಳು. ಮೋಟರ್‌ಸೈಕಲ್ಲು ಅವಳ ಸೆರಗಿಗೆ ಗಾಳಿ ಹೊಡೆಯುತ್ತ ಮುಂದೆ ಹೋಯಿತು. ಅದು ಹೋದ ದಿಕ್ಕಿಗೇ ಮುಖ ತಿರುಗಿಸಿ, ಸವಾರನ ಬೆನ್ನಿಗೆ ಎರಡು ಮಾತು ಬೈದು, ರಸ್ತೆಯ ಉಳಿದರ್ಧ ದಾಟಿ, ಐದು ಮೆಟ್ಟಿಲು ಹತ್ತಿ, ದಿಲ್‌ಶಾದಳ ಎದುರಿಗೆ ಬಂದು ನಿಂತಳು.

ಸಮಿತಿಯವರಲ್ಲಿ ಒಬ್ಬರು ಏನೋ ಕೇಳಲು ಬಾಯಿ ತೆರೆದರು. ಶಾಕವ್ವ ಅವರ ಕಡೆ ಅಂಗೈ ಎತ್ತಿ ತಡೆದಳು.

“ತಂಗಿ,” ಅಂದಳು, “ಬಾಯಿ ಮ್ಯಾಲಿನ ಕೈ ತಗೀ. ಬಂದೀನಲ್ಲ.”